ಗಾಜಿನ ಜಾಡಿಯ ಮೇಲೆ ಡಿಕೂಪಾಜ್: ಏನು ಕೆಟ್ಟಿತು, ಯಾಕೆ ಕೆಟ್ಟಿತು, ಹೇಗೆ ಸರಿಪಡಿಸುವುದು

ಡಿಕೂಪಾಜ್ ಎಂದರೆ ವಸ್ತುವಿನ ಮೈಗೆ ಚಿತ್ರದ ಕಾಗದ ಅಂಟಿಸಿ ಮೇಲೆ ವಾರ್ನಿಷ್ ಬಳಿಯುವ ಅಲಂಕಾರ. ಮರದ ಪೆಟ್ಟಿಗೆಯ ಮೇಲೆ ಸಲೀಸಾಗಿ ಕೂರುವ ಅದು ಗಾಜಿನ ಮೇಲೆ ಹಟ ಮಾಡುವುದಕ್ಕೆ ಮುಖ್ಯ ಕಾರಣ, ಗಾಜು ನೀರು ಕುಡಿಯುವುದಿಲ್ಲ. ಮರವಾದರೆ ಅಂಟಿನ ನೀರನ್ನು ತಾನೂ ಅಷ್ಟಿಷ್ಟು ಹೀರಿಕೊಳ್ಳುತ್ತದೆ, ಅಂಟು ಅದರ ರಂಧ್ರಗಳಿಗೆ ಇಳಿದು ಹಿಡಿದುಕೊಳ್ಳುತ್ತದೆ. ಗಾಜಿನಲ್ಲಿ ಈ ಎರಡೂ ಇಲ್ಲ. ಹಚ್ಚಿದ ನೀರೆಲ್ಲ ಕಾಗದದ ಮೂಲಕವೇ ಹೊರಬರಬೇಕು. ಹಿಡಿತವೆಲ್ಲ ಆ ನುಣುಪು ಮೈಯ ಮೇಲೆಯೇ ನಿಲ್ಲಬೇಕು. ಕೆಳಗೆ ಹೇಳಿರುವ ದೋಷಗಳಲ್ಲಿ ಹೆಚ್ಚಿನವುಗಳ ಬೇರು ಇಲ್ಲೇ ಇದೆ.

ಗಾಜಿನಿಂದ ಒಂದು ಅನುಕೂಲವೂ ಇದೆ. ಅಂಟಿನ ಕೆಳಗೆ ಏನು ನಡೆದಿದೆ ಎಂಬುದನ್ನು ಜಾಡಿಯ ಒಳಗಿನಿಂದ ಕಣ್ಣಾರೆ ನೋಡಬಹುದು. ಮರದಲ್ಲೋ ಲೋಹದಲ್ಲೋ ಊಹೆ ಮಾಡಬೇಕಾದದ್ದು ಇಲ್ಲಿ ಕಾಣುತ್ತದೆ. ಹಾಗಿದ್ದೂ ಹೆಚ್ಚಿನವರು ಹೊರಗಿನಿಂದ ಮಾತ್ರ ನೋಡಿ ರಿಪೇರಿಗೆ ಇಳಿಯುತ್ತಾರೆ.

ಇಲ್ಲಿ ಹೇಳುತ್ತಿರುವುದು ಜಾಡಿಯ ಹೊರಮೈ ಕೆಲಸ: ಪಿವಿಎ ಎಂಬ ಬಿಳಿ ಅಂಟು ಅಥವಾ ಡಿಕೂಪಾಜ್‌ಗೆಂದೇ ಸಿಗುವ ಅಂಟು, ಪೇಪರ್ ನ್ಯಾಪ್ಕಿನ್ ಇಲ್ಲವೇ ಮುದ್ರಿತ ಕಾಗದ, ಮೇಲೆ ನೀರು ಆಧಾರಿತ ವಾರ್ನಿಷ್.

ಮೊದಲು ಕೈಕೊಟ್ಟ ಪದರ ಯಾವುದೆಂದು ನೋಡಿ

ಒಳಗಿನಿಂದ ಹೊರಕ್ಕೆ ಪದರಗಳು ಹೀಗಿರುತ್ತವೆ: ಗಾಜು, ತಳಕ್ಕೆ ಬಣ್ಣ ಬಳಿದಿದ್ದರೆ ಆ ಬಣ್ಣ, ಅಂಟು, ಕಾಗದ, ಮತ್ತೆ ಅಂಟು, ವಾರ್ನಿಷ್. ದೋಷ ಕಂಡ ಕೂಡಲೇ ಮೇಲೊಂದು ಕೋಟ್ ಬಳಿದು ಮುಚ್ಚಿಬಿಡಬೇಡಿ. ಕೆಳಗಿನ ಪದರ ಸಡಿಲವಾಗಿದ್ದರೆ ಮೇಲೆ ಬಳಿದದ್ದೆಲ್ಲ ಸುಮ್ಮನೆ ಭಾರ. ಈ ನಾಲ್ಕು ಪರೀಕ್ಷೆಗಳಿಗೆ ಹತ್ತು ನಿಮಿಷ ಸಾಕು.

ಟಾರ್ಚ್: ಜಾಡಿಯ ಬಾಯಿಯಿಂದ ಬೆಳಕು ಬಿಟ್ಟು ಎದುರಿನ ಒಳಮೈಯನ್ನು ನೋಡಿ. ಗಾಳಿ ಸಿಕ್ಕಿಕೊಂಡ ಜಾಗ ಬೆಳ್ಳಿಯಂತೆ ಮಿನುಗುತ್ತದೆ. ಅಂಟು ಇನ್ನೂ ಒದ್ದೆಯಿರುವ ಜಾಗ ಹಾಲುಬಿಳುಪಾಗಿರುತ್ತದೆ. ಚೆನ್ನಾಗಿ ಹಿಡಿದಿರುವ ಕಡೆ ಈ ಎರಡೂ ಇಲ್ಲದೆ ಕಾಗದದ ಹಿಂಬದಿ ಗಾಢವಾಗಿ, ಒಂದೇ ಸಮನಾಗಿ ಕಾಣುತ್ತದೆ. ತಳಕ್ಕೆ ಬಿಳಿ ಬಣ್ಣ ಬಳಿದಿದ್ದರೆ ಗಾಜಿಗೂ ಬಣ್ಣಕ್ಕೂ ನಡುವಿನದು ಮಾತ್ರ ಕಾಣುತ್ತದೆ. ಅದೂ ಉಪಯೋಗಕ್ಕೆ ಬರುತ್ತದೆ.

ಕಿತ್ತ ಚೂರು: ಎದ್ದಿರುವ ಕಡೆಯಿಂದ ಬೆರಳುಗುರಿನಷ್ಟು ಚೂರು ಕಿತ್ತು ಅದರ ಹಿಂಬದಿ ನೋಡಿ. ಗಾಜಿನಂತೆಯೇ ನುಣುಪಾಗಿ ಹೊಳೆಯುತ್ತಿದ್ದು ಜಾಡಿಯ ಮೇಲೆ ಏನೂ ಉಳಿದಿಲ್ಲವೆಂದರೆ ಅಂಟು ಗಾಜನ್ನು ಹಿಡಿದಿಲ್ಲ. ಜಾಡಿಯ ಮೇಲೆ ಕಾಗದದ ನಾರು ಉಳಿದಿದ್ದರೆ ಅಂಟಿನ ತಪ್ಪಲ್ಲ, ಕಾಗದವೇ ನಡುವೆ ಸೀಳಿದೆ. ಕಾಗದದ ಹಿಂಬದಿ ಒಣಗಿದ್ದು ಮುಟ್ಟಿದರೆ ಪುಡಿಯಂತಿದ್ದರೆ ಅಲ್ಲಿಗೆ ಅಂಟು ತಲುಪಿಯೇ ಇಲ್ಲ.

ಉಗುರು: ಕಾಣದ ಮೂಲೆಯಲ್ಲಿ ಉಗುರು ಒತ್ತಿ. ಗುರುತು ಉಳಿದರೆ ಒಳಗೆ ಇನ್ನೂ ಆರಿಲ್ಲ.

ಒದ್ದೆ ಬೆರಳು: ಒದ್ದೆ ಮಾಡಿದ ಬೆರಳನ್ನು ಒಂದು ನಿಮಿಷ ಮೈಮೇಲೆ ಇಡಿ. ಆ ಜಾಗ ಬೆಳ್ಳಗಾದರೆ ಮೇಲಿರುವುದು ಬರೀ ಪಿವಿಎ; ವಾರ್ನಿಷ್ ಅಲ್ಲಿ ಬಿದ್ದಿಲ್ಲ, ಅಥವಾ ತೀರಾ ತೆಳುವಾಗಿದೆ.

ಗಾಜಿನಿಂದಲೇ ಕಿತ್ತು ಬರುತ್ತಿದೆ

ಚೂರಿನ ಹಿಂಬದಿ ನುಣುಪಾಗಿದ್ದರೆ ಮೊದಲ ಅನುಮಾನ ಜಿಡ್ಡಿನ ಮೇಲೆ. ಎಲ್ಲಿ ಕಿತ್ತಿದೆ ಎಂಬುದೇ ಸುಳಿವು ಕೊಡುತ್ತದೆ. ಹಳೆಯ ಲೇಬಲ್ ಇದ್ದ ಚೌಕದಷ್ಟೇ ಎದ್ದಿದ್ದರೆ ಲೇಬಲ್‌ನ ಗೋಂದು, ಅಥವಾ ಆ ಗೋಂದು ತೆಗೆಯಲು ಹಚ್ಚಿದ ಎಣ್ಣೆ ಉಳಿದಿದೆ. ಬೆರಳಿನ ಅಗಲದ ಮಚ್ಚೆಗಳಲ್ಲಿ ಎದ್ದಿದ್ದರೆ ತೊಳೆದ ಮೇಲೆ ಕೈ ತಾಗಿದೆ. ಸುತ್ತಲೂ ಒಂದೇ ಸಮನೆ ಎದ್ದು, ಒಂದೇ ಹಾಳೆಯಾಗಿ ಕಳಚಿಕೊಂಡರೆ ಕಾರಣ ಜಾಡಿಯಲ್ಲೇ ಇರಬಹುದು. ಜಾಡಿಗಳು ಕಾರ್ಖಾನೆಯ ಸಾಲಿನಲ್ಲಿ ಒಂದಕ್ಕೊಂದು ಉಜ್ಜಿ ಗೀರು ಬೀಳದಿರಲೆಂದು ಹೊರಮೈಗೆ ಅತಿ ತೆಳುವಾದ ಪಾಲಿಥಿಲೀನ್ ಲೇಪ ಸಿಂಪಡಿಸುವುದುಂಟು. ಕಣ್ಣಿಗೆ ಅದು ಕಾಣುವುದಿಲ್ಲ, ಪಾತ್ರೆ ಸೋಪಿನಿಂದ ಒಮ್ಮೆ ತೊಳೆದರೆ ಹೋಗುವುದೂ ಇಲ್ಲ. ಜಾರಲೆಂದೇ ಹಚ್ಚಿದ ಲೇಪದ ಮೇಲೆ ಅಂಟು ಹೇಗೆ ನಿಂತೀತು?

ಇದನ್ನು ಪತ್ತೆಹಚ್ಚಲು ನೀರೇ ಸಾಕು. ತೊಳೆದ ಜಾಡಿಯನ್ನು ನಲ್ಲಿಯ ಕೆಳಗೆ ಹಿಡಿದು ಹೊರಗೆಳೆಯಿರಿ. ನೀರು ತೆಳು ಪರೆಯಾಗಿ ಇಡೀ ಮೈಮೇಲೆ ನಿಂತು ಮೆಲ್ಲಗೆ ಇಳಿದರೆ ಗಾಜು ಶುದ್ಧ. ಹನಿಹನಿಯಾಗಿ ಒಡೆದು ಜಾರಿಹೋದರೆ ಏನೋ ಉಳಿದಿದೆ. ಎಷ್ಟು ಸಲ ತೊಳೆದಿದ್ದೀರಿ ಎಂಬುದಕ್ಕಿಂತ ಈ ಪರೀಕ್ಷೆಯ ಉತ್ತರವನ್ನು ನಂಬಿ.

ಲೇಬಲ್ ಗೋಂದಿಗೆ ಅಡುಗೆ ಎಣ್ಣೆ ಮತ್ತು ಅಡುಗೆ ಸೋಡಾ ಸಮಪಾಲು ಕಲಸಿ ಹಚ್ಚಿ, 30 ನಿಮಿಷ ಬಿಟ್ಟು ನೈಲಾನ್ ಸ್ಕ್ರಬ್‌ನಿಂದ ತಿಕ್ಕಿ. ಆ ಎಣ್ಣೆ ಹೋಗಲು ಬಿಸಿನೀರು ಮತ್ತು ಪಾತ್ರೆ ಸೋಪಿನಿಂದ ಎರಡು ಸಲ ತೊಳೆಯಬೇಕು; ಹಲವರು ಬಿಡುವುದು ಈ ಹಂತವನ್ನೇ. ಪೂರ್ತಿ ಒಣಗಿದ ಮೇಲೆ 70 ಶೇಕಡ ಅಥವಾ ಅದಕ್ಕಿಂತ ಗಟ್ಟಿಯಾದ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ನೂಲು ಬಿಡದ ಬಟ್ಟೆಯಲ್ಲಿ ಒರೆಸಿ. ಅಲ್ಲಿಂದ ಮುಂದೆ ಜಾಡಿಯನ್ನು ಬಾಯಿಯೊಳಗೆ ಬೆರಳಿಟ್ಟು ಹಿಡಿಯಿರಿ.

ಇಷ್ಟಾದರೂ ನೀರು ಹನಿಗಟ್ಟಿದರೆ, ಕಾಗದ ಮುಚ್ಚುವ ಭಾಗವನ್ನಷ್ಟೇ 400 ನಂಬರಿನ ವಾಟರ್ ಪೇಪರ್‌ನಿಂದ (ನೀರಿನಲ್ಲಿ ಬಳಸುವ ಉಜ್ಜುಕಾಗದ) ಒದ್ದೆಯಾಗಿಯೇ ಮೆಲ್ಲಗೆ ಉಜ್ಜಿ. ಮಂಕಾದರೆ ಸಾಕು. ಗಾಜು ಪಾರದರ್ಶಕವಾಗಿ ಉಳಿಯಬೇಕಾದ ಕಡೆ ಉಜ್ಜಬೇಡಿ, ಆ ಗೀರುಗಳನ್ನು ಅಳಿಸಲಾಗುವುದಿಲ್ಲ. ಪುಡಿ ಹಾರದಂತೆ ನೀರಿನಲ್ಲೇ ತೊಳೆದುಬಿಡಿ.

ಚೂರಿನ ಹಿಂದೆ ತಳದ ಬಣ್ಣವೂ ಸೇರಿಕೊಂಡು ಬಂದರೆ ಬಣ್ಣ ಗಟ್ಟಿಯಾಗುವ ಮೊದಲೇ ಅಂಟು ಬಿದ್ದಿದೆ. ಅಕ್ರಿಲಿಕ್ ಬಣ್ಣ ಅರ್ಧ ಗಂಟೆಯಲ್ಲಿ ಕೈಗೆ ಒಣಗಿದಂತೆ ಅನ್ನಿಸಿದರೂ ಗಾಜಿನ ಮೇಲೆ ಅದಕ್ಕೆ ಆಗಿನ್ನೂ ಹಿಡಿತ ಬಂದಿರುವುದಿಲ್ಲ. ಅಂಟಿನ ನೀರು ತಾಗಿದಾಗ ಮೆತ್ತಗಾಗಿ ಚರ್ಮದಂತೆ ಸುಲಿಯುತ್ತದೆ. ಬ್ರಷ್‌ನಲ್ಲಿ ಎಳೆಯುವ ಬದಲು ಸ್ಪಂಜಿನ ತುಂಡಿನಿಂದ ತಟ್ಟಿ ತಟ್ಟಿ ಎರಡು ತೆಳು ಕೋಟ್ ಹಾಕಿ, 24 ಗಂಟೆ ಬಿಟ್ಟು ಅಂಟಿಗೆ ಕೈಹಾಕಿ.

ಅಂಚು ಮಾತ್ರ ಏಳುತ್ತಿದೆ

ಮೈಯೆಲ್ಲ ಗಟ್ಟಿಯಾಗಿದ್ದು ಅಂಚು ಮಾತ್ರ ಎದ್ದರೆ ಜಿಡ್ಡನ್ನು ದೂರಬೇಡಿ, ಕಾಗದದ ನಾರಿನ ದಿಕ್ಕು ನೋಡಿ. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ಕಡೆಗೆ ಮಲಗಿರುತ್ತವೆ. ನಾರಿಗೆ ಸಮಾನಾಂತರವಾಗಿ ಕಾಗದ ಸುಲಭವಾಗಿ ಸುರುಳಿಯಾಗುತ್ತದೆ, ಅಡ್ಡಕ್ಕೆ ಸುತ್ತಿದರೆ ಮತ್ತೆ ನೆಟ್ಟಗಾಗಲು ಜಗ್ಗುತ್ತದೆ. ಅದೇ ಕಾಗದದ ಒಂದು ಚೌಕ ತುಂಡಿನ ಒಂದು ಬದಿ ಒದ್ದೆ ಮಾಡಿ: ಅದು ಕೊಳವೆಯಂತೆ ಸುರುಳಿಯಾಗುತ್ತದೆ. ಕೊಳವೆ ಯಾವ ಕಡೆಗೆ ಉದ್ದವಿದೆಯೋ ನಾರು ಆ ಕಡೆಗಿದೆ. ಜಾಡಿಯ ಮೇಲೆ ಆ ದಿಕ್ಕು ನೆಟ್ಟಗೆ, ತಳದಿಂದ ಬಾಯಿಯ ಕಡೆಗೆ ಇರಬೇಕು. ತೆಳು ನ್ಯಾಪ್ಕಿನ್‌ಗೆ ಈ ಚಿಂತೆ ಬೇಡ. ಪ್ರಿಂಟರ್ ಕಾಗದ ಮತ್ತು ಅದಕ್ಕಿಂತ ದಪ್ಪನೆಯದಕ್ಕೆ ಖಂಡಿತ ಬೇಕು.

ಎದ್ದ ಅಂಚನ್ನು ಉಳಿಸಿಕೊಳ್ಳಬಹುದು. ಟೂತ್‌ಪಿಕ್‌ನಿಂದ ಕೆಳಗೆ ನೀರು ಬೆರೆಸದ ಅಂಟು ತೂರಿಸಿ, ಹೇರ್ ಡ್ರೈಯರ್‌ನ ಕಡಿಮೆ ಬಿಸಿಯಲ್ಲಿ ಒಂದು ನಿಮಿಷ ಬೆಚ್ಚಗೆ ಮಾಡಿ, ಬೆರಳಲ್ಲಿ ಒತ್ತಿ, ಹೊರಬಂದ ಅಂಟು ಒರೆಸಿ, ಬಟ್ಟೆಪಟ್ಟಿಯನ್ನು 20 ನಿಮಿಷ ಸುತ್ತಿಡಿ. ಪಿವಿಎ ಬಿಸಿಗೆ ಮೆತ್ತಗಾಗುವ ಅಂಟು, ಹಾಗಾಗಿ ಆರಿದ ಮೇಲೂ ಈ ಉಪಾಯ ಕೆಲಸ ಮಾಡುತ್ತದೆ. ಮುಂದಿನ ಸಲ ಕತ್ತರಿಸಿದ ಅಂಚಿನ ಬದಲು ಕೈಯಲ್ಲಿ ಹರಿದ ಅಂಚು ಬಳಸಿ, ಒಂದರ ಮೇಲೊಂದು 5ರಿಂದ 8 ಮಿಲಿಮೀಟರ್ ಬರುವಂತೆ ಹಚ್ಚಿ. ಹರಿದ ಅಂಚು ತೆಳುವಾಗುತ್ತಾ ಹೋಗುವುದರಿಂದ ಮೆಟ್ಟಿಲು ಬೀಳುವುದಿಲ್ಲ.

ಗುಳ್ಳೆಗಳು

ಟಾರ್ಚ್ ಬೆಳಕಿನಲ್ಲಿ ಬೆಳ್ಳಿ ಮಚ್ಚೆಯಾಗಿ ಕಂಡದ್ದು ಗುಳ್ಳೆ. ಒದ್ದೆಯಿರುವಾಗಲೇ ಕಂಡರೆ ನಡುವಿನಿಂದ ಅಂಚಿನ ಕಡೆಗೆ ಬೆರಳಿನಿಂದ ತಳ್ಳಿ. ನ್ಯಾಪ್ಕಿನ್ ಆದರೆ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲಿಂದ ತಳ್ಳಿ, ಇಲ್ಲದಿದ್ದರೆ ಬೆರಳಿಗೆ ಅಂಟಿ ಹರಿಯುತ್ತದೆ. ಆರಿದ ಗುಳ್ಳೆಯನ್ನು ಬ್ಲೇಡಿನ ತುದಿಯಿಂದ ಚಿತ್ರದ ಯಾವುದಾದರೂ ಗೆರೆಯ ಗುಂಟ ಸೀಳಿ, ಸಿರಿಂಜ್‌ನಲ್ಲಿ ತೆಳು ಅಂಟು ಒಂದು ಹನಿ ಬಿಟ್ಟು ಒತ್ತಿ.

ಎಲ್ಲ ಸರಿಯಿದ್ದು ಮರುದಿನ ಗುಳ್ಳೆ ಎದ್ದರೆ ಎರಡು ಕಾರಣಗಳನ್ನು ನೋಡಿ. ಬೇಗ ಒಣಗಲೆಂದು ಬಿಸಿಗಾಳಿ ಹಿಡಿದಾಗ ಮೇಲ್ಪದರ ಮೊದಲು ಮುಚ್ಚಿಕೊಂಡು ಕೆಳಗಿನ ಆವಿ ಕಾಗದವನ್ನು ಎತ್ತುತ್ತದೆ. ಎರಡನೆಯದು ದಪ್ಪ ಕಾಗದ. ಅಂಟು ತಾಗಿದ ಮೇಲೆ ಅದು ಹಿಗ್ಗಲು ಶುರುಮಾಡುತ್ತದೆ, ಅಷ್ಟರಲ್ಲಿ ಅಂಚು ಹಿಡಿದಿರುತ್ತದೆ, ನಡುಭಾಗಕ್ಕೆ ಮೇಲೇಳುವುದು ಬಿಟ್ಟರೆ ದಾರಿಯಿಲ್ಲ. ಪ್ರಿಂಟರ್ ಕಾಗದವನ್ನು ಹಚ್ಚುವ ಮೊದಲೇ ಎರಡು ಮೂರು ನಿಮಿಷ ನೀರಿನಲ್ಲಿ ನೆನೆಸಿ, ಬಟ್ಟೆಯ ನಡುವೆ ಒತ್ತಿ ತೆಗೆದು ಹಚ್ಚಿದರೆ ಹಿಗ್ಗುವುದೆಲ್ಲ ಮೊದಲೇ ಮುಗಿದಿರುತ್ತದೆ. ನೀರಿಗೆ ಕರಗದ ಮುದ್ರಣವಾದರೆ ಮಾತ್ರ ಇದು ಸಾಧ್ಯ.

ಸುಕ್ಕು

ಜೇಡರ ಬಲೆಯಂತಹ ಸಣ್ಣ ಸುಕ್ಕು ಬೇರೆ, ಜಾಡಿಯ ಹೆಗಲ ಬಳಿ ಬೀಳುವ ದೊಡ್ಡ ನೆರಿಗೆ ಬೇರೆ. ದೊಡ್ಡ ನೆರಿಗೆಗೆ ಅಂಟಾಗಲಿ ಕೈಚಳಕವಾಗಲಿ ಮದ್ದಲ್ಲ. ಚಪ್ಪಟೆ ಕಾಗದ ಎರಡೂ ಕಡೆಗೆ ಬಾಗಿದ ಮೈಯನ್ನು ಮಡಿಕೆಯಿಲ್ಲದೆ ಮುಚ್ಚಲಾರದು. ಹೆಗಲಿಗೆ ಬರುವ ಅಂಚಿನಲ್ಲಿ ಸುಮಾರು 1 ಸೆಂಟಿಮೀಟರ್‌ಗೊಂದು ಸೀಳು ಹಾಕಿ ಒಂದರ ಮೇಲೊಂದು ಕೂರಿಸಿ, ಅಥವಾ ಅಲ್ಲಿಗೆ ಸಣ್ಣ ಹರಿದ ತುಂಡುಗಳನ್ನೇ ಹಚ್ಚಿ. ಕಾಗದವನ್ನು ಹೆಗಲಿಗಿಂತ ಕೆಳಗೇ ನಿಲ್ಲಿಸಿದರೂ ಅಂದಗೆಡುವುದಿಲ್ಲ.

ಸಣ್ಣ ಸುಕ್ಕು ಬರುವುದು ನ್ಯಾಪ್ಕಿನ್‌ನಲ್ಲಿ. ಮೊದಲು ಪದರ ಎಣಿಸಿ: ಎರಡು ಮೂರು ಪದರಗಳಲ್ಲಿ ಚಿತ್ರವಿರುವ ಮೇಲಿನದು ಮಾತ್ರ ಬೇಕು. ಕೆಳಗಿನ ಬಿಳಿ ಪದರ ಉಳಿದುಬಿಟ್ಟರೆ ಸುಕ್ಕು, ಗುಳ್ಳೆ, ಸೀಳುವಿಕೆ ಮೂರೂ ಒಟ್ಟಿಗೆ ಬರುತ್ತವೆ. ಪದರ ಸರಿಯಿದ್ದೂ ಸುಕ್ಕಾದರೆ ಅಂಟಿನ ಪ್ರಮಾಣ ಜಾಸ್ತಿಯಾಗಿದೆ. 500 ಮಿಲಿಲೀಟರ್ ಜಾಡಿಯ ಸುತ್ತಳತೆ ಸುಮಾರು 27 ಸೆಂಟಿಮೀಟರ್, ಹಚ್ಚುವ ಎತ್ತರ 10-12 ಸೆಂಟಿಮೀಟರ್. ಇಷ್ಟು ಜಾಗಕ್ಕೆ ಒಂದು ಕೋಟ್‌ಗೆ ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ಅಂಟು ಸಾಕು. ಅಂಟು ಕೆಳಕ್ಕೆ ಇಳಿದು ತಳದಲ್ಲಿ ಗೆರೆ ಕಟ್ಟುತ್ತಿದ್ದರೆ ಅಳತೆ ಮೀರಿದೆ. ನ್ಯಾಪ್ಕಿನ್‌ಗೆ ಎರಡು ಪಾಲು ಅಂಟಿಗೆ ಒಂದು ಪಾಲು ನೀರು, ಮುದ್ರಿತ ಕಾಗದಕ್ಕೆ ಮೂರಕ್ಕೆ ಒಂದು. ಇದಕ್ಕಿಂತ ತೆಳುವಾದರೆ ಗಾಜಿನ ಮೇಲೆ ಹನಿಗಟ್ಟಿ ಜಾರುತ್ತದೆ.

ತೀರಾ ನಾಜೂಕಿನ ನ್ಯಾಪ್ಕಿನ್‌ಗೆ ಗಾಜಿನ ಮೇಲೆ ಅಂಟು ಬಳಿದು, ಕೈಗೆ ಜಿಗುಟಾಗುವವರೆಗೆ ಹತ್ತು ಹದಿನೈದು ನಿಮಿಷ ಬಿಟ್ಟು, ಒಣ ನ್ಯಾಪ್ಕಿನ್ ಕೂರಿಸಿ, ಆಮೇಲೆ ಮೇಲಿಂದ ಮೆತ್ತನೆ ಬ್ರಷ್‌ನಲ್ಲಿ ತೆಳು ಅಂಟು ಕೊಡಿ. ಆರಿದ ಸುಕ್ಕಿನ ಏಣುಗಳನ್ನು ನೇರವಾಗಿ ಉಜ್ಜಿದರೆ ಚಿತ್ರ ಹೋಗುತ್ತದೆ. ಎರಡು ಕೋಟ್ ವಾರ್ನಿಷ್ ಬಿದ್ದು ಗಟ್ಟಿಯಾದ ಮೇಲೆ 400 ನಂಬರಿನಿಂದ ಸವರಿ, ಇನ್ನೊಂದು ಕೋಟ್ ಕೊಡಿ.

ಬೆಳ್ಳಗೆ ಮಬ್ಬಾಗಿದೆ

ಒಂದೇ ರೋಗದಂತೆ ಕಾಣುವ ಇದರಲ್ಲಿ ಐದು ಬೇರೆ ಬೇರೆ ಕಾರಣಗಳಿವೆ, ತಪ್ಪು ಮದ್ದು ಕೊಟ್ಟರೆ ಹೆಚ್ಚಾಗುತ್ತದೆ. ಆದ್ದರಿಂದ ಬಿಳುಪು ಕಾಗದದ ಕೆಳಗಿದೆಯೋ ಮೇಲಿದೆಯೋ ಎಂದು ಒಳಗಿನಿಂದ ನೋಡಿ ತೀರ್ಮಾನಿಸಿ.

ಕಾಗದದ ಕೆಳಗೆ ಹಾಲಿನ ಮಚ್ಚೆಗಳಿದ್ದರೆ ನೀರು ಸಿಕ್ಕಿಕೊಂಡಿದೆ. ಪಿವಿಎ ಒದ್ದೆಯಿದ್ದಾಗ ಬಿಳಿ, ನೀರು ಹೋದರೆ ಪಾರದರ್ಶಕ. ವಾರ್ನಿಷ್ ಇನ್ನೂ ಹಾಕಿಲ್ಲವಾದರೆ ಏನೂ ಮಾಡಬೇಡಿ: ಮುಚ್ಚಳ ತೆಗೆದು ಗಾಳಿಯಾಡುವ ಜಾಗದಲ್ಲಿ ಎರಡು ಮೂರು ದಿನ ಇಡಿ. ವಾರ್ನಿಷ್ ಬಿದ್ದುಬಿಟ್ಟಿದ್ದರೆ ನೀರಿನ ಬಾಗಿಲು ಮುಚ್ಚಿದೆ. ಮಚ್ಚೆಯ ಮೇಲೆ ಸಣ್ಣ ಸೂಜಿಯಿಂದ ಅರ್ಧ ಸೆಂಟಿಮೀಟರ್‌ಗೊಂದು ತೂತು ಮಾಡಿ ಒಂದು ವಾರ ಬಿಟ್ಟು ನೋಡಿ. ಕೊನೆಯ ಅಂಟಿಗೂ ಮೊದಲ ವಾರ್ನಿಷ್‌ಗೂ ನಡುವೆ 24 ಗಂಟೆ ಬೇಕು. ಹವೆ ತೇವವಾಗಿದ್ದರೆ 48.

ಮೈಯೆಲ್ಲ ಸುಣ್ಣದಂತೆ ಬಿಳಿಯಾಗಿ, ಉಜ್ಜಿದರೆ ಪುಡಿ ಉದುರಿದರೆ ಅಂಟು ಚಳಿಯಲ್ಲಿ ಆರಿದೆ. ಪಿವಿಎಯ ಕಣಗಳು ಒಂದಕ್ಕೊಂದು ಬೆಸೆದು ಪರೆಯಾಗಲು ಒಂದಿಷ್ಟು ಬೆಚ್ಚಗಿರಬೇಕು. 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ಕೆಲಸ ಮಾಡದಿರುವುದೇ ಒಳ್ಳೆಯದು. ಆಮೇಲೆ ಬೆಚ್ಚಗೆ ಮಾಡಿ ಪ್ರಯೋಜನವಿಲ್ಲ. ತೆಗೆದು ಮತ್ತೆ ಮಾಡಿ.

ಸ್ಪ್ರೇ ವಾರ್ನಿಷ್ ಹೊಡೆದ ಕೆಲವೇ ನಿಮಿಷಗಳಲ್ಲಿ ಮಂಜಿನಂತೆ ಮುಸುಕಿದರೆ ಗಾಳಿಯ ತೇವ ಕಾರಣ. ದ್ರಾವಕ ಥಟ್ಟನೆ ಆವಿಯಾಗುವಾಗ ಮೈ ತಣ್ಣಗಾಗಿ ಗಾಳಿಯಲ್ಲಿನ ನೀರು ಅಲ್ಲಿ ಕೂರುತ್ತದೆ. ಒಣ ಹವೆಯ ದಿನ ಅದೇ ಸ್ಪ್ರೇಯಿಂದ ತೀರಾ ತೆಳುವಾಗಿ ಮತ್ತೊಮ್ಮೆ ಹೊಡೆದರೆ ಸಾಮಾನ್ಯವಾಗಿ ತಿಳಿಯಾಗುತ್ತದೆ.

ಮ್ಯಾಟ್ ವಾರ್ನಿಷ್ ಮೂರು ನಾಲ್ಕು ಕೋಟ್ ಆದಾಗ ಗಾಢ ಬಣ್ಣದ ಚಿತ್ರದ ಮೇಲೆ ಬೂದಿ ಬಳಿದಂತೆ ಆಗುವುದು ಇನ್ನೊಂದು. ಹೊಳಪು ತಗ್ಗಿಸಲು ಅದರಲ್ಲಿ ಸೇರಿಸಿರುವ ಪುಡಿಯೇ ಕೋಟ್ ಕೋಟ್‌ಗೂ ಸೇರಿಕೊಂಡು ಕಾಣುತ್ತಿದೆ. ಮೇಲೆ ಒಂದು ಕೋಟ್ ಹೊಳಪಿನ ವಾರ್ನಿಷ್ ಕೊಟ್ಟರೆ ಬಹುಮಟ್ಟಿಗೆ ತಿಳಿಯಾಗುತ್ತದೆ, ಆದರೆ ಹೊಳಪು ಬರುತ್ತದೆ. ಮುಂದಿನ ಸಲ ಮೊದಲ ಕೋಟ್‌ಗಳು ಹೊಳಪಿನದು, ಕೊನೆಯದು ಮಾತ್ರ ಮ್ಯಾಟ್.

ಐದನೆಯದು ನೀರು ಬಿದ್ದ ಕಡೆ ಮಾತ್ರ ಬೆಳ್ಳಗಾಗುವುದು. ಒದ್ದೆ ಬೆರಳಿನ ಪರೀಕ್ಷೆಯಲ್ಲಿ ಕಂಡದ್ದು ಇದೇ. ಒಣಗಲು ಬಿಟ್ಟು, ತಿಳಿಯಾದ ಮೇಲೆ ವಾರ್ನಿಷ್ ಹಾಕಿ.

ಅಂಟಂಟು ಹೋಗುತ್ತಿಲ್ಲ

ವಾರ ಕಳೆದರೂ ಜಾಡಿ ಕೈಗೆ ಅಂಟುತ್ತದೆ, ಪಕ್ಕದ ಜಾಡಿಗೆ ಕಚ್ಚಿಕೊಳ್ಳುತ್ತದೆ, ಧೂಳು ಹಿಡಿಯುತ್ತದೆ. ಪಿವಿಎಯನ್ನೇ ಮೇಲ್ಪದರವಾಗಿ ಬಿಟ್ಟರೆ ಸೆಕೆಗೆ, ತೇವಕ್ಕೆ ಅದು ಮೆತ್ತಗಾಗುವುದು ಸಹಜ, ಕಾದರೂ ಗಟ್ಟಿಯಾಗುವುದಿಲ್ಲ. ಗಟ್ಟಿ ಮೈ ಕೊಡುವ ನೀರು ಆಧಾರಿತ ಪಾಲಿಯುರೆಥೇನ್ ಅಥವಾ ಅಕ್ರಿಲಿಕ್ ವಾರ್ನಿಷ್ ಮೂರು ತೆಳು ಕೋಟ್ ಬೇಕು, ನಡುವೆ ಡಬ್ಬಿಯ ಮೇಲೆ ಬರೆದಷ್ಟು ಬಿಡುವು. ಸಾಮಾನ್ಯವಾಗಿ 2ರಿಂದ 4 ಗಂಟೆ. ವಾರ್ನಿಷ್ ಹಾಕಿಯೂ ಅಂಟಿದರೆ ಉಗುರು ಒತ್ತಿ ನೋಡಿ. ಗುರುತು ಬಿದ್ದರೆ ಕೋಟ್‌ಗಳು ಅವಸರದಲ್ಲಿ ಬಿದ್ದಿವೆ, ಆಗ ಕಾಯುವುದೇ ಕೆಲಸ. ಕೈಗೆ ಒಣಗಿದ್ದರೂ ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಸುತ್ತಿ ಕಟ್ಟಿಡುವುದು, ಉಡುಗೊರೆ ಕಾಗದದಲ್ಲಿ ಹಾಕುವುದು ಬೇಡ.

ಚಿತ್ರವೇ ಕೆಟ್ಟಿದೆ

ನ್ಯಾಪ್ಕಿನ್ ಅಂಟು ಹೀರಿ ಅರೆಪಾರದರ್ಶಕವಾಗುತ್ತದೆ. ಬರಿ ಗಾಜಿನ ಮೇಲೆ ಹಚ್ಚಿದರೆ ಚಿತ್ರ ಮಾಸಿದಂತೆ ಕಂಡು ಜಾಡಿಯೊಳಗಿನ ವಸ್ತು ಎದ್ದು ಕಾಣುತ್ತದೆ. ಇದಕ್ಕೆ ತಳದ ಬಿಳಿ ಬಣ್ಣವೇ ದಾರಿ. ಆಗಲೇ ಹಚ್ಚಿಯಾಗಿದ್ದರೆ ಜಾಡಿಯ ಒಳಗಡೆಯಿಂದ ಬಿಳಿ ಬಣ್ಣ ಬಳಿಯಬಹುದು, ಆದರೆ ಆಮೇಲೆ ಆ ಜಾಡಿ ಆಹಾರಕ್ಕೆ ಸಲ್ಲದು. ಪತ್ರಿಕೆಯ ಹಾಳೆಯಲ್ಲಿ ಹಿಂಬದಿಯ ಅಕ್ಷರ ಮೂಡಿದರೂ ಇದೇ ಕಾರಣ. ಅದಕ್ಕೆ ಲೇಸರ್ ಪ್ರತಿ ತೆಗೆದು ಹಚ್ಚುವುದು ವಾಸಿ.

ಬಣ್ಣ ಹರಡಿದ್ದರೆ ಅದು ಇಂಕ್‌ಜೆಟ್ ಮುದ್ರಣ. ಅದರ ಶಾಯಿಗಳಲ್ಲಿ ಹಲವು ನೀರಿನಲ್ಲಿ ಕರಗುತ್ತವೆ. ಲೇಸರ್‌ನ ಟೋನರ್ ಕರಗುವುದಿಲ್ಲ. ಮೂಲೆಯಲ್ಲಿ ಒದ್ದೆ ಬೆರಳು ಉಜ್ಜಿದರೆ ಮೊದಲೇ ಗೊತ್ತಾಗುತ್ತದೆ. ಇಂಕ್‌ಜೆಟ್ಟೇ ಬೇಕಾದರೆ ಎರಡೂ ಬದಿಗೆ ಪಾರದರ್ಶಕ ಅಕ್ರಿಲಿಕ್ ಸ್ಪ್ರೇ ಎರಡೆರಡು ತೆಳು ಕೋಟ್ ಹೊಡೆದು, ಪೂರ್ತಿ ಒಣಗಿಸಿ ಹಚ್ಚಿ, ನೆನೆಸಬೇಡಿ. ಹರಡಿದ ಬಣ್ಣಕ್ಕೆ ರಿಪೇರಿಯಿಲ್ಲ.

ತಿಂಗಳುಗಳ ಮೇಲೆ ಹಳದಿಯಾದರೆ ಎಣ್ಣೆ ಆಧಾರಿತ ವಾರ್ನಿಷ್ ಅಥವಾ ಸುದ್ದಿಪತ್ರಿಕೆಯ ಕಾಗದ ಕಾರಣ. ಕಪ್ಪು, ಬೂದು ಚುಕ್ಕೆ ಮೂಡಿದರೆ ಬೂಷ್ಟು: ಹಿಟ್ಟಿನ ಅಂಟು ಬಳಸಿದ್ದರೆ ಅದಕ್ಕೆ ಊಟ ಹಾಕಿದಂತೆ.

ಮುಚ್ಚಳ ಮತ್ತು ಸಣ್ಣಪುಟ್ಟವು

ಮುಚ್ಚಳ ತಿರುಗಿಸಿದಾಗಲೆಲ್ಲ ಕಾಗದ ಕೆರೆದು ಬರುತ್ತಿದ್ದರೆ ಕಾಗದ ತುಂಬ ಮೇಲಕ್ಕೆ ಹೋಗಿದೆ. ಮುಚ್ಚಳ ಬಿಗಿ ಮಾಡಿ ಅದರ ಅಂಚಿಗೆ ಪೆನ್ಸಿಲ್ ಗುರುತು ಹಾಕಿ, ಅಲ್ಲಿಂದ 5 ಮಿಲಿಮೀಟರ್ ಕೆಳಗೆ ಬ್ಲೇಡಿನಿಂದ ಕತ್ತರಿಸಿ, ಮೇಲಿನದನ್ನು ತೆಗೆದು ಅಂಚಿಗೆ ವಾರ್ನಿಷ್ ಕೊಡಿ. ಬಾಯಿ ತಾಗುವ, ಆಹಾರ ಸುರಿಯುವ ಅಂಚಿಗೆ ಹೇಗಿದ್ದರೂ ಅಂಟು ವಾರ್ನಿಷ್ ಬರಬಾರದು. ಕನಿಷ್ಠ 2 ಸೆಂಟಿಮೀಟರ್ ಬಿಡಿ. ಲೋಹದ ಮುಚ್ಚಳದ ಬಣ್ಣ ಎದ್ದರೆ 320 ನಂಬರಿನಿಂದ ಉಜ್ಜಿ ಪ್ರೈಮರ್ ಹಾಕಿ ಮತ್ತೆ ಬಳಿಯಿರಿ.

ವಾರ್ನಿಷ್ ಉಂಗುರಗಳಾಗಿ ಹಿಂದೆ ಸರಿದು ಕುಳಿ ಬಿಟ್ಟರೆ ಜಿಡ್ಡಿದೆ. ಇಲ್ಲಿ ಮಾತ್ರ ಆಲ್ಕೊಹಾಲ್ ಮುಟ್ಟಿಸಬೇಡಿ, ಅದು ಪಿವಿಎ, ಅಕ್ರಿಲಿಕ್ ಎರಡನ್ನೂ ಮೆತ್ತಗೆ ಮಾಡುತ್ತದೆ. ಆರಿದ ಮೇಲೆ ವಾಟರ್ ಪೇಪರ್‌ನಿಂದ ಸವರಿ, ಒಂದು ಹನಿ ಸೋಪು ಹಾಕಿದ ಹಿಂಡಿದ ಬಟ್ಟೆಯಿಂದ ಒರೆಸಿ, ಮತ್ತೆ ಬಳಿಯಿರಿ. ಬ್ರಷ್ ಗೆರೆ ಉಳಿದರೆ ಅರ್ಧ ಆರಿದ ವಾರ್ನಿಷ್ ಮೇಲೆ ಮತ್ತೆ ಬ್ರಷ್ ಆಡಿದೆ. ಬಿರುಕು ಬಿಟ್ಟರೆ ಮೆತ್ತಗಿನ ಪದರದ ಮೇಲೆ ಗಟ್ಟಿ ಪದರ ಬೇಗ ಬಿದ್ದಿದೆ. ತಳದ ಅಂಚು ಹಾಸಿದ ಕಾಗದಕ್ಕೆ ಅಂಟಿ ಕಿತ್ತರೆ, ಇನ್ನು ಮುಂದೆ ಜಾಡಿಯನ್ನು ಎತ್ತರದ ಲೋಟದ ಮೇಲೆ ಬೋರಲು ಹಾಕಿ ಒಣಗಿಸಿ.

ಒಳಗೆ ಮೇಣದ ಬತ್ತಿ ಹಚ್ಚಿದ್ದರಿಂದ ಕಂದಿದ, ಗುಳ್ಳೆ ಎದ್ದ ಜಾಡಿಯನ್ನು ರಿಪೇರಿ ಮಾಡಿ ಮತ್ತೆ ಅದಕ್ಕೇ ಬಳಸಬೇಡಿ. ಕಾಗದ, ಅಂಟು, ವಾರ್ನಿಷ್ ಎಲ್ಲವೂ ಉರಿಯುವಂಥವು. ಬ್ಯಾಟರಿಯ ಎಲ್‌ಇಡಿ ದೀಪವಾದರೆ ಅಡ್ಡಿಯಿಲ್ಲ.

ಪೂರ್ತಿ ತೆಗೆಯುವುದಾದರೆ

ದೋಷ ಮೈಯ ಮೂರನೇ ಒಂದು ಭಾಗ ಮೀರಿದ್ದರೆ ತೇಪೆ ಹಾಕುವುದಕ್ಕಿಂತ ಪೂರ್ತಿ ತೆಗೆಯುವುದು ಕಡಿಮೆ ಕೆಲಸ. ಬ್ಲೇಡಿನಿಂದ ವಾರ್ನಿಷ್ ಮೇಲೆ ಅಡ್ಡಡ್ಡ ಗೀರು ಹಾಕಿ, ನೀರು ಒಳಗಿಳಿಯಲು ಅದೇ ದಾರಿ. ಉಗುರುಬೆಚ್ಚಗಿನ ನೀರಿಗೆ ಸೋಪು ಹಾಕಿ ಜಾಡಿಯನ್ನು ಮುಳುಗಿಸಿ, ಹತ್ತು ನಿಮಿಷಕ್ಕೊಮ್ಮೆ ಬಿಸಿನೀರು ಸೇರಿಸುತ್ತಾ ಒಂದು ಗಂಟೆ ಬಿಡಿ. ತಣ್ಣನೆಯ ಜಾಡಿಯ ಮೇಲೆ ಕುದಿನೀರು ಸುರಿದರೆ ಸೀಳುತ್ತದೆ. ಮಾಮೂಲಿ ಗಾಜು ಸುಮಾರು 40 ಡಿಗ್ರಿ ವ್ಯತ್ಯಾಸಕ್ಕಿಂತ ಹೆಚ್ಚನ್ನು ಒಮ್ಮೆಲೇ ತಾಳುವ ಭರವಸೆಯಿಲ್ಲ. ಮೆತ್ತಗಾದದ್ದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ, ಉಳಿದದ್ದನ್ನು ಅಡುಗೆ ಸೋಡಾದಿಂದ ತಿಕ್ಕಿ. ಸಿಂಕಿನಲ್ಲಿ ಜರಡಿ ಇರಲಿ, ಆ ಪರೆ ಕೊಳವೆಯಲ್ಲಿ ಸೇರಿದರೆ ಮತ್ತೆ ಗಟ್ಟಿಯಾಗುತ್ತದೆ. ಬಾಯಿಯ ಸುತ್ತ ಬೆರಳಾಡಿಸದೆ ಬೆಳಕಿಗೆ ಹಿಡಿದು ನೋಡಿ, ಸೀಳು ಅಥವಾ ಚಕ್ಕೆ ಎದ್ದ ಗುರುತು ಕಂಡರೆ ಆ ಜಾಡಿಯನ್ನು ಬಿಟ್ಟುಬಿಡಿ. ಇಲ್ಲವಾದರೆ ನಲ್ಲಿಯ ಕೆಳಗೆ ಹಿಡಿದು, ನೀರು ಪರೆಯಾಗಿ ನಿಲ್ಲುತ್ತದೆಯೇ ಎಂದು ನೋಡಿಕೊಂಡು ಹೊಸ ಕೋಟ್ ಶುರುಮಾಡಿ.